ಎಐ ಟೂಲ್ ಬಂದರೂ ಯಾರೂ ಬಳಸುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ:
ನಾನು ಅಕೌಂಟ್ಸ್ ವಿಭಾಗ ನೋಡಿಕೊಳ್ಳುತ್ತೇನೆ. ಬಿಲ್ ಓದಿ ಎಂಟ್ರಿ ಮಾಡುವ ಎಐ ಟೂಲ್ ಬಂದಿದೆ. ತರಬೇತಿಯೂ ಆಯಿತು. ಆದರೂ ನಮ್ಮವರು ಎಕ್ಸೆಲ್ ಬಿಡುತ್ತಿಲ್ಲ. ಎಲ್ಲರೂ ಕೆಲಸ ಚೆನ್ನಾಗಿ ಬಲ್ಲವರು, ಸುಮ್ನೆ ಒತ್ತಾಯ ಮಾಡಲು ನನಗೆ ಇಷ್ಟವಿಲ್ಲ. ತೊಡಕು ಎಲ್ಲಿರಬಹುದು?

ಉತ್ತರ 1:
ತಪ್ಪಾದರೆ ಹೊಣೆ ಯಾರದು ಅಂತ ಹೇಳಿದ್ದೀರಾ? ಎಐ ಒಂದು ಸೊನ್ನೆ ಜಾಸ್ತಿ ಓದಿದರೂ ಸಹಿ ಹಾಕಿದವರೇ ಉತ್ತರ ಕೊಡಬೇಕು, ಅಲ್ವಾ? ಚಾಟ್‌ಜಿಪಿಟಿ ಹುಟ್ಟಿಸಿದ, ಇಲ್ಲವೇ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟ ನ್ಯೂಯಾರ್ಕ್‌ನ ವಕೀಲರಿಗೆ 2023ರಲ್ಲಿ 5,000 ಡಾಲರ್ ದಂಡ ಬಿತ್ತು. ನಿಮ್ಮವರ ಹಿಂಜರಿಕೆ ಸೋಮಾರಿತನವಲ್ಲ. ಎಐ ಹಾಕಿದ ಪ್ರತಿ ಎಂಟ್ರಿಯನ್ನೂ ಬಿಲ್ ಜೊತೆ ತಾಳೆ ನೋಡಬೇಕು. ಆ ಸಮಯ ಲೆಕ್ಕಕ್ಕೆ ಹಿಡಿಯದೆ ಟಾರ್ಗೆಟ್ ಏರಿಸಿದರೆ ಯಾರು ತಾನೇ ಆ ಟೂಲ್ ಮುಟ್ಟುತ್ತಾರೆ?

ಉತ್ತರ 2:
ಡೇಟಾ ಕೂಡ ನೋಡಿ. ಒಂದೇ ಸಪ್ಲೈಯರ್ ಹೆಸರು ಮೂರು ಥರ ಬರೆದಿದ್ದರೆ ಎಂಥ ಟೂಲ್ ಆದರೂ ಎಡವುತ್ತದೆ.

ಉತ್ತರ 3:
ಕೆಲಸ ಹೋಗುವ ಭಯ? ಅದನ್ನು ಮೀಟಿಂಗ್‌ನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಬ್ಬೊಬ್ಬರ ಹತ್ತಿರ ಕೂತು ಮಾತಾಡಿ.

ಪ್ರಶ್ನೆ ಕೇಳಿದವರು:
ಧನ್ಯವಾದ. ಹೊಣೆಯ ವಿಷಯ ನಮ್ಮಲ್ಲಿ ಚರ್ಚೆಗೇ ಬಂದಿಲ್ಲ. ಅದನ್ನು ಬರಹದಲ್ಲಿ ಕೊಡಿ ಅಂತ ಮೇಲಿನವರನ್ನು ಕೇಳುತ್ತೇನೆ. ಸಪ್ಲೈಯರ್ ಪಟ್ಟಿ ಸರಿಮಾಡುವ ಕೆಲಸ ಈ ವಾರವೇ ಶುರು.