ನೆಲದಡಿಯ ಮೇಲೆ ಪಿಎಚ್‌ಡಿ ಮಾಡಬೇಕು, ಎಲ್ಲಿಂದ ಶುರು ಮಾಡಲಿ? ಅನುಭವ ಇರುವವರು ಹೇಳಿ

ಕೇಳಿದವರು: ಸಿವಿಲ್ ಎಂ.ಟೆಕ್, ವಿಜಯನಗರ

ಎಲ್ಲರಿಗೂ ನಮಸ್ಕಾರ. ಜಿಯೋಟೆಕ್ನಿಕಲ್‌ನಲ್ಲಿ (ಮಣ್ಣು, ಬಂಡೆಯ ಎಂಜಿನಿಯರಿಂಗ್) ಎಂ.ಟೆಕ್ ಮುಗಿಸಿದ್ದೇನೆ. ಬೆಂಗಳೂರಿನ ನೆಲದಡಿಯನ್ನು ಮುಂದಿನವರಿಗೂ ಉಳಿಯುವ ಹಾಗೆ ಬಳಸುವುದು ಹೇಗೆ ಅನ್ನುವುದರ ಮೇಲೆ ಪಿಎಚ್‌ಡಿ ಮಾಡುವ ಆಸೆ. ಬೋರ್‌ವೆಲ್, ಮೆಟ್ರೊ ಸುರಂಗ, ಬೇಸ್‌ಮೆಂಟ್, ಕೇಬಲ್, ಯುಜಿಡಿ (ಒಳಚರಂಡಿ) ಎಲ್ಲವೂ ಇರುವುದು ಅದೇ ಮಣ್ಣಿನಲ್ಲಿ. ಓದುವಾಗ ಮಾತ್ರ ಒಬ್ಬೊಬ್ಬರದು ಒಂದೊಂದು. ನನಗೆ ಇವನ್ನು ಒಟ್ಟಿಗೆ ನೋಡಬೇಕು. ಮಾತಾಡಿಸಿದ ಪ್ರೊಫೆಸರ್‌ಗಳಲ್ಲಿ ಒಬ್ಬರು ತುಂಬಾ ಹರಡಿಕೊಂಡಿದೆ ಅಂದರು, ಇನ್ನೊಬ್ಬರು ಇದು ನಮ್ಮ ವಿಭಾಗದ್ದಲ್ಲ ಅಂದರು. ವಿಷಯವನ್ನು ಹೇಗೆ ಹಿಡಿಯಲಿ? ಡೇಟಾ ಎಲ್ಲಿ ಸಿಗುತ್ತದೆ? ಬೇರೆ ಬೇರೆ ಓದಿನವರ ಜೊತೆ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಅಂತರ್ಜಲದ ಕೆಲಸ ಮಾಡುವವರು, ಯಲಹಂಕ

ಹರಡಿಕೊಂಡಿದೆ ಅಂದವರ ಮಾತನ್ನು ತಳ್ಳಿಹಾಕಬೇಡಿ. ಆದರೆ ವಿಷಯ ಕತ್ತರಿಸುವ ಬದಲು ಜಾಗ ಕತ್ತರಿಸಿ. ಇಡೀ ಬೆಂಗಳೂರು ಬೇಡ. ಒಂದು ಏರಿಯಾ ಹಿಡಿಯಿರಿ, ಅದರ ಅಡಿಯಲ್ಲಿ ಏನೇನಿದೆಯೋ ಅಷ್ಟನ್ನೂ ನೋಡಿ. ನೀರು, ಬಂಡೆ, ಪೈಪ್, ಪಾಯ, ಅದರ ಮೇಲೆ ಯಾರಿಗೆ ಏನು ಹಕ್ಕು ಅನ್ನುವುದೂ ಸೇರಿ.

ಜೊತೆಗೆ, ಎಲ್ಲ ಶಾಸ್ತ್ರದವರೂ ಉತ್ತರಿಸಲೇಬೇಕಾದ ಒಂದೇ ಪ್ರಶ್ನೆ ಬೇಕು. ಇದಕ್ಕೆ ನಮ್ಮ ಪಕ್ಕದಲ್ಲೇ ಒಳ್ಳೇ ಉದಾಹರಣೆ ಇದೆ, ಅರ್ಕಾವತಿ ನದಿ. ಅದಕ್ಕೆ ಅಡ್ಡಲಾಗಿರುವ ತಿಪ್ಪಗೊಂಡನಹಳ್ಳಿ ಜಲಾಶಯ 1933ರಲ್ಲಿ ಕಟ್ಟಿದ್ದು, ದಶಕಗಟ್ಟಲೆ ಬೆಂಗಳೂರಿಗೆ ನೀರು ಕೊಟ್ಟಿತು. ಆಮೇಲೆ ಅದಕ್ಕೆ ಬರುವ ನೀರು ಕಮ್ಮಿಯಾಗುತ್ತಾ ಹೋಯಿತು. ಮಳೆ ಕಮ್ಮಿಯಾಯ್ತು ಅನ್ನುವವರು ಕೆಲವರು, ನೀಲಗಿರಿ ತೋಪು ಅನ್ನುವವರು ಕೆಲವರು, ಬೋರ್‌ವೆಲ್, ಚೆಕ್‌ಡ್ಯಾಂ ಅನ್ನುವವರು ಇನ್ನು ಕೆಲವರು. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರು ಬೇರೆಯವರನ್ನೂ ಜೊತೆಗೆ ಸೇರಿಸಿಕೊಂಡು ಈ ಊಹೆಗಳನ್ನೆಲ್ಲ ಪಕ್ಕಪಕ್ಕ ಇಟ್ಟು ಒಂದೊಂದನ್ನೇ ಪರೀಕ್ಷೆ ಮಾಡಿದರು. 2015ರಲ್ಲಿ ಅದು ಪ್ರಕಟವಾಯಿತು. ಮಳೆ ಕಮ್ಮಿಯಾಗಿದ್ದರಿಂದ ನದಿ ಬತ್ತಿತು ಅನ್ನುವ ಮಾತು ನಿಲ್ಲಲಿಲ್ಲ. ಅಂತರ್ಜಲ ಎತ್ತಿದ್ದು, ನೀಲಗಿರಿ ಬೆಳೆಸಿದ್ದು, ಹಳ್ಳಕ್ಕೆ ಅಡ್ಡ ಕಟ್ಟಿದ್ದು, ಹೀಗೆ ಮನುಷ್ಯರ ಕೆಲಸಗಳ ಕಡೆಗೇ ಪುರಾವೆ ಹೆಚ್ಚಾಗಿ ವಾಲಿತು. ಡೇಟಾ ಕಮ್ಮಿ ಇರುವ ಕಡೆ ಹೇಗೆ ಕೆಲಸ ಮಾಡಬೇಕು ಅನ್ನುವುದಕ್ಕೆ ಅದನ್ನು ಮೊದಲು ಓದಿ.

ನಿಮಗೆ ಹೊಂದುವ ಒಂದು ಪ್ರಶ್ನೆಯನ್ನೂ ಹೇಳುತ್ತೇನೆ. ಊರಿನ ನಡುಭಾಗದಲ್ಲಿ ಅಂತರ್ಜಲ ಸಾಕಷ್ಟು ಮೇಲೇ ಇದೆ, ಹೊರವಲಯದಲ್ಲಿ ಪಾತಾಳಕ್ಕೆ ಹೋಗಿದೆ ಅಂತ ಐಐಎಸ್‌ಸಿ ಸಂಶೋಧಕರ ಅಧ್ಯಯನವೊಂದು 2018ರಲ್ಲಿ ಬಂತು. ನಡುಭಾಗಕ್ಕೆ ಕಾವೇರಿ ನೀರು ಬರುತ್ತದೆ, ಹಾಗಾಗಿ ಬೋರ್ ಎತ್ತುವುದು ಕಮ್ಮಿ. ಅದರ ಜೊತೆಗೆ ಪೈಪ್‌ಗಳಿಂದ ಸೋರಿದ ನೀರೂ ಇಂಗುತ್ತದೆ. ಈಗ ಯೋಚನೆ ಮಾಡಿ: ಸೋರಿಕೆಯನ್ನೆಲ್ಲ ಮುಚ್ಚಿದರೆ ಅಲ್ಲಿನ ಬಾವಿಗಳಿಗೆ ಏನಾಗುತ್ತದೆ? ಬೇಸ್‌ಮೆಂಟ್‌ನಿಂದ ದಿನವಿಡೀ ನೀರು ಚರಂಡಿಗೆ ಪಂಪ್ ಮಾಡುವ ಕಟ್ಟಡಗಳಿಗೆ? ಆ ನೀರನ್ನೇ ನಂಬಿದ ಮರಗಳಿಗೆ? ಇದಕ್ಕೆ ಪೈಪ್ ಎಂಜಿನಿಯರ್ ಒಬ್ಬರೇ ಉತ್ತರ ಕೊಡಲಾರರು, ನಾನೂ ಒಬ್ಬನೇ ಕೊಡಲಾರೆ.

2024ರ ಬೇಸಿಗೆ ನೆನಪಿದೆ ಅಲ್ವಾ? ನಗರದ ಸುಮಾರು 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳಿತು. ಅದೇ ಹೊತ್ತಿಗೆ ಹಳೇ ಬಡಾವಣೆಗಳ ಕೆಲವು ತೆರೆದ ಬಾವಿಗಳಲ್ಲಿ ನೀರಿತ್ತು. ಮೇಲಿನ ಕೊಳೆತ (ಕಾಲಕ್ರಮೇಣ ಸವೆದು ಮೆತ್ತಗಾದ) ಕಲ್ಲಿನ ಪದರದಲ್ಲಿ ನಿಲ್ಲುವ ನೀರೇ ಬೇರೆ, ಕೆಳಗಿನ ಬಂಡೆಯ ಬಿರುಕಿನಲ್ಲಿರುವ ನೀರೇ ಬೇರೆ. ಎರಡನ್ನೂ ಸೇರಿಸಿ ಸರಾಸರಿ ತೆಗೆದ ಅಂಕಿಯಿಂದ ನಿಮಗೆ ಏನೂ ಪ್ರಯೋಜನವಿಲ್ಲ.

ಡೇಟಾ ವಿಚಾರಕ್ಕೆ ಬಂದರೆ, ಕೇಂದ್ರ ಅಂತರ್ಜಲ ಮಂಡಳಿಯ ವೀಕ್ಷಣಾ ಬಾವಿಗಳ ಅಳತೆ ಸಿಗುತ್ತದೆ, ಆದರೆ ಒಂದು ಏರಿಯಾಕ್ಕೆ ಅದು ಸಾಲದು. ನಾನು ಮನೆಮನೆಗೆ ಹೋಗಿ ಬೋರ್‌ವೆಲ್‌ನ ಹಳೇ ಬಿಲ್ ಕೇಳುತ್ತೇನೆ. ಅದರಲ್ಲಿ ಕೇಸಿಂಗ್ ಎಷ್ಟು ಅಡಿ ಅಂತ ಬರೆದಿರುತ್ತದೆ. ಮೇಲಿನ ಮಣ್ಣು, ಮೆತ್ತಗಿನ ಕಲ್ಲು ಕುಸಿಯದಿರಲಿ ಅಂತ ಕೇಸಿಂಗ್ ಪೈಪ್ ಇಳಿಸುತ್ತಾರೆ, ಗಟ್ಟಿ ಬಂಡೆಯಲ್ಲಿ ಅದು ಕೂತ ಮೇಲೆ ನಿಲ್ಲಿಸುತ್ತಾರೆ. ಅಡಿಗೆ ಇಷ್ಟು ಅಂತ ರೇಟು, ಆದ್ದರಿಂದ ಮನೆಯವರು ಪಕ್ಕದಲ್ಲೇ ನಿಂತು ಪೈಪ್ ಎಣಿಸಿರುತ್ತಾರೆ. ಆ ಅಂಕಿ ಅಂದರೆ ಅಲ್ಲಿ ಬಂಡೆ ಎಷ್ಟು ಆಳದಲ್ಲಿದೆ ಅನ್ನುವುದಕ್ಕೆ ಬಹಳ ಹತ್ತಿರದ ಲೆಕ್ಕ. ನಮ್ಮ ರಸ್ತೆಯಲ್ಲೇ ಒಂದು ಮನೆಗೆ 40 ಅಡಿ ಕೇಸಿಂಗ್, ನಾಲ್ಕು ಮನೆ ಆಚೆ 110 ಅಡಿ. ಯಾವ ನಕ್ಷೆಯಲ್ಲೂ ಈ ವ್ಯತ್ಯಾಸ ಕಾಣುವುದಿಲ್ಲ.

ಸುರಂಗದ ಸೈಟ್ ಎಂಜಿನಿಯರ್, ಬನಶಂಕರಿ

ಕೇಸಿಂಗ್ ವಿಷಯ ಕೇಳಿ ಖುಷಿಯಾಯಿತು. ನಮಗೂ ತಲೆನೋವು ಅದೇ ಗಡಿ, ಮಣ್ಣು ಮುಗಿದು ಬಂಡೆ ಶುರುವಾಗುವ ಜಾಗ. ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷದ್ದು, ಊರಿನ ಅಡಿಯಲ್ಲೆಲ್ಲ ಹೆಚ್ಚುಕಮ್ಮಿ ಅದೇ ಜಾತಿಯ ನೈಸ್ (gneiss) ಅನ್ನುವ ಗಟ್ಟಿ ಕಲ್ಲು. ಆದರೆ ಅದು ಒಂದೇ ಮಟ್ಟದಲ್ಲಿ ಕೊಳೆತಿಲ್ಲ. ಸುರಂಗ ಕೊರೆಯುವ ಮೆಷಿನ್‌ನ ಮುಖದಲ್ಲಿ ಕೆಳಗಡೆ ಬಂಡೆ, ಮೇಲ್ಗಡೆ ಸಡಿಲ ಮಣ್ಣು ಸಿಕ್ಕರೆ ಕಷ್ಟ. ಬಂಡೆ ಕೊರೆಯಲು ಮೆಷಿನ್ ನಿಧಾನವಾಗಬೇಕು, ಅಷ್ಟರಲ್ಲಿ ಮೇಲಿನ ಮಣ್ಣು ಒಳಗೆ ಜಾರುತ್ತದೆ, ರಸ್ತೆಯ ಕೆಳಗೆ ಪೊಳ್ಳಾಗುತ್ತದೆ. ಮಧ್ಯೆ ಉಂಡೆಗಲ್ಲು ಸಿಕ್ಕರೆ ಕಟ್ಟರ್‌ಗಳು ಸವೆದು ಹೋಗುತ್ತವೆ.

ಇನ್ನೊಂದು ದೊಡ್ಡ ವಿಷಯ ಹಳೇ ಬಾವಿಗಳು. ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಹೋಗುವ ಮೆಟ್ರೊ ಗುಲಾಬಿ ಮಾರ್ಗ ಸುಮಾರು 21 ಕಿ.ಮೀ., ಅದರಲ್ಲಿ ಹತ್ತಿರಹತ್ತಿರ 14 ಕಿ.ಮೀ. ನೆಲದಡಿಯಲ್ಲಿ. 2021ರಲ್ಲಿ ಟ್ಯಾನರಿ ರಸ್ತೆ ಹತ್ತಿರ ಸುರಂಗ ಕೆಲಸ ನಡೆಯುವಾಗ ಮನೆಯೊಂದರ ಅಡಿಯಲ್ಲಿದ್ದ ಹಳೇ ಬಾವಿ ಕುಸಿಯಿತು. ಬಾವಿ ಮುಚ್ಚಿ ಅದರ ಮೇಲೆ ಮನೆ ಕಟ್ಟಿದ ಜಾಗಗಳು ಈ ಊರಿನಲ್ಲಿ ಎಷ್ಟೋ ಇವೆ. ಯಾವ ರೇಡಾರ್‌ಗಿಂತ ಮೊದಲು ಸಿಗುವ ಮಾಹಿತಿ ಅಂದರೆ ಆ ಬೀದಿಯ ಅಜ್ಜಿಯರದು. 'ಇಲ್ಲಿ ಬಾವಿ ಇತ್ತಾ ಅಜ್ಜಿ, ನೀರು ಎಲ್ಲಿಂದ ತರ್ತಿದ್ರಿ?' ಅಂತ ಕೇಳಿದರೆ ಕೈ ತೋರಿಸಿ ಹೇಳುತ್ತಾರೆ. ಹೀಗೆ ಕೂತು ಮಾತಾಡಿಸುವ ಪದ್ಧತಿ ನಮಗೆ ಯಾರೂ ಕಲಿಸಿರುವುದಿಲ್ಲ. ಇತಿಹಾಸವೋ ಸಮಾಜಶಾಸ್ತ್ರವೋ ಓದಿದವರೊಬ್ಬರು ನಿಮ್ಮ ಜೊತೆ ಇರಲೇಬೇಕು, ಅಲಂಕಾರಕ್ಕಲ್ಲ.

ಒಂದು ಸಣ್ಣ ಸಲಹೆ, ಆದರೆ ಇದನ್ನು ಮೊದಲ ವಾರವೇ ಮಾಡಿ. ಬೋರ್‌ನವರು ನೆಲದಿಂದ ಕೆಳಗೆ ಅಡಿಯಲ್ಲಿ ಹೇಳುತ್ತಾರೆ. ಅಂತರ್ಜಲದವರು ನೆಲದಿಂದ ಕೆಳಗೆ ಮೀಟರ್‌ನಲ್ಲಿ. ನಾವು ಸಮುದ್ರಮಟ್ಟದಿಂದ ಎತ್ತರದಲ್ಲಿ. ಊರು ಸುಮಾರು 900 ಮೀಟರ್ ಎತ್ತರದಲ್ಲಿದೆ ಅಂದರೂ ದಿಣ್ಣೆಗೂ ರಾಜಕಾಲುವೆಗೂ ಹತ್ತಾರು ಮೀಟರ್ ವ್ಯತ್ಯಾಸ ಇರುತ್ತದೆ. ಎಲ್ಲ ಅಳತೆಯನ್ನೂ ಸಮುದ್ರಮಟ್ಟಕ್ಕೆ ತಂದು ಒಂದೇ ಕಡೆ ಬರೆದಿಡಿ. ಬೇಸ್‌ಮೆಂಟ್ ತಳ, ಸುರಂಗದ ಮೇಲ್ಭಾಗ, ಬಾವಿಯ ನೀರು, ಯುಜಿಡಿ ಪೈಪ್ ಒಂದೇ ಚಿತ್ರದಲ್ಲಿ ಕಂಡ ಕೂಡಲೇ ಎಲ್ಲರೂ ಮಾತಾಡಲು ಶುರು ಮಾಡುತ್ತಾರೆ.

ದೊಡ್ಡ ಕಟ್ಟಡಗಳ ಸಾಯಿಲ್ ಟೆಸ್ಟ್ ರಿಪೋರ್ಟ್ ಕೇಳಿ. ಪದರ, ಬಂಡೆಯ ಆಳ, ಆ ದಿನದ ನೀರಿನ ಮಟ್ಟ ಮೂರೂ ಅದರಲ್ಲಿರುತ್ತವೆ. ಸುರಂಗದ ಸುತ್ತ ಅಳೆದ ಡೇಟಾ ಬೇಕಾದರೆ ಕಾಲೇಜಿನಿಂದ ಬೇಗ ಪತ್ರ ಹಾಕಿಸಿ, ಒಪ್ಪಂದಕ್ಕೆ ತಿಂಗಳುಗಳೇ ಹಿಡಿಯುತ್ತವೆ.

ಕಾನೂನು ಓದಿ ನಗರ ಯೋಜನೆಯಲ್ಲಿರುವವರು, ಮಲ್ಲೇಶ್ವರ

ನೀವು ಎಂಜಿನಿಯರಿಂಗ್‌ನಿಂದ ಬರುತ್ತಿರುವುದರಿಂದ ಹಕ್ಕಿನ ಪ್ರಶ್ನೆಯನ್ನು ಕೊನೇ ಅಧ್ಯಾಯಕ್ಕೆ ಇಟ್ಟುಬಿಡುವ ಅಪಾಯ ಇದೆ. ಹಾಗೆ ಮಾಡಬೇಡಿ. ತನ್ನ ಜಮೀನಿನ ಅಡಿಯಲ್ಲಿರುವ, ಗೊತ್ತಾದ ಕಾಲುವೆಯಲ್ಲಿ ಹರಿಯದ ನೀರನ್ನು ಮಾಲೀಕ ಎತ್ತಿಕೊಳ್ಳಬಹುದು ಅನ್ನುವ ಮಾತು 1882ರ ಈಸ್‌ಮೆಂಟ್ಸ್ ಕಾಯ್ದೆಯಲ್ಲಿದೆ. ಇನ್ನೊಂದು ಕಡೆ ಅಂತರ್ಜಲ ನಿಯಂತ್ರಣಕ್ಕೆ ಕರ್ನಾಟಕದ 2011ರ ಕಾಯ್ದೆ ಇದೆ, ಗುರುತಿಸಿದ ಪ್ರದೇಶದಲ್ಲಿ ಬೋರ್ ಕೊರೆಸಲು ಅನುಮತಿ ಬೇಕು. ಹೊಸ ಮನೆಗಳಿಗೆ ಮಳೆನೀರು ಇಂಗಿಸುವ ನಿಯಮ ಜಲಮಂಡಳಿಯದು. ಕೇಬಲ್ ಒಬ್ಬರದು, ಚರಂಡಿ ಇನ್ನೊಬ್ಬರದು. ಪಕ್ಕದ ಅಪಾರ್ಟ್‌ಮೆಂಟ್‌ನವರು ಇಂಗಿಸಿದ ನೀರು ನಮ್ಮ ಬೇಸ್‌ಮೆಂಟ್‌ಗೆ ಜಿನುಗುತ್ತಿದೆ ಅಂತ ಜಗಳವಾದರೆ ಯಾರ ಬಾಗಿಲಿಗೆ ಹೋಗಬೇಕು? ನಾನು ಇಂಥ ಜಗಳ ಕಂಡಿದ್ದೇನೆ. ಎರಡೂ ಕಡೆಯವರು ನಿಯಮ ಪಾಲಿಸಿದವರೇ.

ಹೊರದೇಶದ ಉದಾಹರಣೆ ಎಲ್ಲರೂ ಕೊಡುತ್ತಾರೆ. ಸಿಂಗಪುರ 2015ರಲ್ಲಿ ಕಾನೂನು ತಿದ್ದಿ, ಜಮೀನಿನ ಮಾಲೀಕತ್ವ ಸಾಮಾನ್ಯವಾಗಿ ಅಲ್ಲಿನ ಸಮುದ್ರಮಟ್ಟದ ಗುರುತಿನಿಂದ 30 ಮೀಟರ್ ಕೆಳಗಿನವರೆಗೆ ಅಂತ ಸ್ಪಷ್ಟ ಮಾಡಿತು. ಹೆಲ್ಸಿಂಕಿ ಇಡೀ ಊರಿಗೆ ನೆಲದಡಿಯ ಮಾಸ್ಟರ್ ಪ್ಲಾನ್ ಮಾಡಿ 2010ರಲ್ಲಿ ಒಪ್ಪಿಗೆ ಪಡೆಯಿತು. ಓದಿ, ಆದರೆ ಇಲ್ಲಿಗೆ ಹಾಗೇ ಎತ್ತಿ ತರಬೇಡಿ. ಅಲ್ಲಿ ಮನೆಮನೆಗೆ ಬೋರ್‌ವೆಲ್ ಇಲ್ಲ. ನಮ್ಮಲ್ಲಿ ನೆಲದಡಿಯ ನಿರ್ವಹಣೆ ಅಂದರೆ ಮೊದಲಿಗೆ ಕುಡಿಯುವ, ಬಳಸುವ ನೀರಿನ ಮಾತು. ಟ್ಯಾಂಕರ್‌ಗೆ ದುಡ್ಡು ಕೊಡಲಾಗದ ಮನೆಯವರನ್ನು ಬಿಟ್ಟು ಬರೆದ ಯೋಜನೆ ಈ ಊರಿಗೆ ಬೇಡ.

ಅಗೆಯುವ ಮುಂಚೆ ಮಾಹಿತಿ ಕೊಡಲಿ ಅಂತ 2023ರಲ್ಲಿ ಕೇಂದ್ರ ಸರ್ಕಾರ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ತಂದಿತು. ಅದನ್ನೂ ಒಮ್ಮೆ ನೋಡಿಡಿ.

ಬಾವಿ ತೋಡುವ ಮನೆತನದವರು, ಸರ್ಜಾಪುರ ರಸ್ತೆ

ನೋಡಮ್ಮ, ನಾವು ಮಣ್ಣು ವಡ್ಡರು. ತಾತ, ಅಪ್ಪ ಎಲ್ಲರೂ ಬಾವಿ ತೋಡಿದವರು. ಈಗ ಹೆಚ್ಚಾಗಿ ಇಂಗು ಬಾವಿ ತೋಡುತ್ತೇವೆ, ಮೂರಡಿ ಅಗಲ, ಇಪ್ಪತ್ತಡಿ ಆಳ, ಸಿಮೆಂಟ್ ರಿಂಗ್ ಇಳಿಸಿ ಸುತ್ತ ಜಲ್ಲಿ ತುಂಬುವುದು. ಎಲ್ಲ ಕಡೆ ಒಂದೇ ಅಳತೆ ಬರೆದು ಕೊಡುತ್ತಾರೆ. ನೆಲ ಹಾಗಿಲ್ಲ. ಮೇಲೆ ಕೆಂಪು ಮಣ್ಣು ಬರುತ್ತದೆ, ಆಮೇಲೆ ಕೆಲವು ಕಡೆ ಜೇಡಿ. ಜೇಡಿಯಲ್ಲೇ ನಿಲ್ಲಿಸಿದರೆ ಮಳೆ ನೀರು ಇಂಗದೆ ದಿನಗಟ್ಟಲೆ ಅಲ್ಲೇ ನಿಲ್ಲುತ್ತದೆ. ಇನ್ನೂ ಸ್ವಲ್ಪ ಇಳಿದರೆ ಹಳದಿ, ಬಿಳಿ ಬೆರೆತ ಮರಳು ಮರಳಾದ ಮಣ್ಣು ಸಿಗುತ್ತದೆ. ಕೈಯಲ್ಲಿ ಹಿಡಿದು ಉಜ್ಜಿದರೆ ಪುಡಿಯಾಗುತ್ತದೆ, ಹೊಳೆಯುವ ಅಭ್ರಕ ಬೆರಳಿಗೆ ಅಂಟುತ್ತದೆ. ಅಲ್ಲಿಗೆ ಹೋದರೆ ನೀರು ಕುಡಿಯುತ್ತದೆ. ನಾವು ಇದನ್ನು ಹೇಳಿದರೆ ಮೇಸ್ತ್ರಿಗಳು ಡ್ರಾಯಿಂಗ್‌ನಲ್ಲಿ ಇಪ್ಪತ್ತೇ ಇದೆ ಅನ್ನುತ್ತಾರೆ.

ನಮ್ಮ ಹತ್ತಿರ ಕಲಿಯಲು ಸ್ಟೂಡೆಂಟ್‌ಗಳು ಬರುತ್ತಾರೆ, ಸಂತೋಷ. ಆದರೆ ಅರ್ಧ ದಿನ ಕೆಲಸ ನಿಲ್ಲಿಸಿ ಮಾತಾಡಿದರೆ ಕೂಲಿ ಹೋಗುತ್ತದೆ. ಆ ಕೂಲಿಯನ್ನು ನಿಮ್ಮ ಪ್ರಾಜೆಕ್ಟ್ ದುಡ್ಡಿನಲ್ಲೇ ಬರೆದುಕೊಳ್ಳಿ. ನಾವು ಹೇಳಿದ್ದು ಯಾರು ಹೇಳಿದ್ದು ಅಂತಲೂ ಬರೆಯಿರಿ, ಕೇಳಿ ಒಪ್ಪಿಗೆ ತಗೊಂಡು.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಣ್ಣ, ಕೂಲಿ ಮಾತು ಖಂಡಿತ ಬಜೆಟ್‌ನಲ್ಲಿ ಹಾಕುತ್ತೇನೆ. ಇನ್ನೆರಡು ಪ್ರಶ್ನೆ. ಗೈಡ್ ಒಬ್ಬರಾ, ಇಬ್ಬರಾ? ಏರಿಯಾ ಯಾವುದು ಹಿಡಿಯಲಿ? ಡೈರಿ ಸರ್ಕಲ್‌ನಿಂದ ಲಕ್ಕಸಂದ್ರ, ಲ್ಯಾಂಗ್‌ಫರ್ಡ್ ಟೌನ್ ಕಡೆ ಯೋಚನೆ ಇದೆ.

ಪಿಎಚ್‌ಡಿ ಮುಗಿಸಿದವರು, ಬಸವನಗುಡಿ

ಇಬ್ಬರು. ಆದರೆ ಡಿಗ್ರಿ ಒಂದು ವಿಭಾಗದ್ದೇ ಆಗಿರಲಿ, ನಿಮ್ಮ ಕೇಸಿನಲ್ಲಿ ಸಿವಿಲ್. ಆ ವಿಭಾಗದ ಪರೀಕ್ಷಕರು ಒಪ್ಪುವ ಒಂದು ಗಟ್ಟಿ ಅಧ್ಯಾಯ ಇರಬೇಕು, ಬೇಸ್‌ಮೆಂಟ್ ಮತ್ತು ನೀರಿನ ಹರಿವಿನ ಮಾಡೆಲ್ ಅಂಥದ್ದು. ಅದಿದ್ದರೆ ಉಳಿದ ಅಧ್ಯಾಯಗಳನ್ನು ಧೈರ್ಯವಾಗಿ ಬರೆಯಬಹುದು. ಎರಡನೇ ಗೈಡ್ ಆಗುವವರನ್ನು ಸೇರುವ ಮುಂಚೆ ಒಂದು ಸಲ ಫೀಲ್ಡಿಗೆ ಕರೆದುಕೊಂಡು ಹೋಗಿ. ಬಾವಿ ಹತ್ತಿರ ನಿಂತು ಬೇರೆಯವರ ಪ್ರಶ್ನೆಯನ್ನು ಅವರು ಎಷ್ಟು ತಾಳ್ಮೆಯಿಂದ ಕೇಳುತ್ತಾರೆ ಅನ್ನುವುದು ಆಫೀಸ್ ರೂಮಿನಲ್ಲಿ ಗೊತ್ತಾಗುವುದಿಲ್ಲ.

ಇನ್ನೊಂದು, ತುಂಬಾ ಮುಖ್ಯ. ಅನುಮತಿ ಇಲ್ಲದೆ ಕೊರೆಸಿದ ಬೋರ್ ಎಷ್ಟೋ ಮನೆಗಳಲ್ಲಿ ಇರುತ್ತದೆ. ನಿಮ್ಮನ್ನು ನಂಬಿ ಹೇಳುತ್ತಾರೆ. ನಕ್ಷೆಯಲ್ಲಿ ಮನೆ ನಂಬರ್ ಬರುವ ಹಾಗೆ ಚುಕ್ಕಿ ಹಾಕಬೇಡಿ.

ಅಂತರ್ಜಲದ ಕೆಲಸ ಮಾಡುವವರು, ಯಲಹಂಕ

ಲಕ್ಕಸಂದ್ರ ಒಳ್ಳೇ ಆಯ್ಕೆ. ಹಳೇ ಊರು, ಅಡಿಯಲ್ಲಿ ಮೆಟ್ರೊ ಸುರಂಗ, ಕಾವೇರಿ ಪೈಪ್, ಹೊಸ ಬೇಸ್‌ಮೆಂಟ್‌ಗಳು, ಪಕ್ಕದಲ್ಲೇ ಲಾಲ್‌ಬಾಗ್ ಬಂಡೆ. ಸುಮ್ನೆ ಪ್ರಪೋಸಲ್ ತಿದ್ದುತ್ತಾ ಬೇಸಿಗೆ ಕಳೆಯಬೇಡಿ. ಮಾರ್ಚ್ ಒಳಗೆ ಅಳೆಯಬಹುದಾದ ಬಾವಿ, ಬೋರ್‌ಗಳನ್ನು ಗುರುತು ಮಾಡಿಟ್ಟುಕೊಳ್ಳಿ. ಬೋರ್ ಅಳೆಯುವ ದಿನ ಬೆಳಿಗ್ಗೆ ಮೋಟಾರ್ ಹಾಕಬೇಡಿ ಅಂತ ಮನೆಯವರಿಗೆ ಹಿಂದಿನ ದಿನವೇ ಹೇಳಿರಿ. ಮುಂಗಾರು ಶುರುವಾಗುವ ಮುಂಚಿನ ಒಂದು ಸುತ್ತು ಅಳತೆ ತಪ್ಪಿದರೆ ಒಂದು ವರ್ಷ ಕಾಯಬೇಕಾಗುತ್ತದೆ. ನೀರಿನ ಮಟ್ಟ ಅಳೆಯುವ ಟೇಪ್ ನನ್ನ ಹತ್ತಿರ ಇದೆ, ಬೇಕಾದರೆ ಬಂದು ತಗೊಂಡು ಹೋಗಿ.