ಡಾಂಟೆಯ ನರಕ: ಸೇಡೋ, ನ್ಯಾಯವೋ?

ಪ್ರಶ್ನೆ (ಮಡಿಕೇರಿಯಿಂದ)
ಮಳೆ ಬಿಡದೆ ಸುರಿಯುತ್ತಿರುವ ಈ ದಿನಗಳಲ್ಲಿ, ಇಟಲಿಯ ಕವಿ ಡಾಂಟೆ ಪರಲೋಕಯಾತ್ರೆಯನ್ನು ಹಾಡಿದ ‘ಡಿವೈನ್ ಕಾಮೆಡಿ’ ಕಾವ್ಯದ ನರಕಖಂಡದ 34 ಸರ್ಗಗಳನ್ನು ಓದಿ ಮುಗಿಸಿದೆ. 1302ರಲ್ಲಿ ಫ್ಲಾರೆನ್ಸಿನಿಂದ ಗಡೀಪಾರಾದ ಕವಿಯು ತನ್ನ ಊರಿನ ವಿರೋಧಿಗಳನ್ನು ಹೆಸರು ಹಿಡಿದೇ ನರಕದಲ್ಲಿ ನಿಲ್ಲಿಸಿದ್ದಾನೆ. ಇದನ್ನು ಪರಲೋಕದರ್ಶನವೆನ್ನಬೇಕೋ, ವೈಯಕ್ತಿಕ ಸೇಡೆನ್ನಬೇಕೋ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ (ವಿರಾಜಪೇಟೆಯಿಂದ)
ಸೇಡು ಇಲ್ಲವೆನ್ನಲಾಗದು. ಕಥೆ ನಡೆಯುವುದು 1300ರಲ್ಲಿ. ತನ್ನ ಗಡೀಪಾರಿನ ಹಿಂದಿದ್ದವನೆಂದು ಡಾಂಟೆ ಬಗೆದಿದ್ದ, ಆಗಿನ್ನೂ ಬದುಕಿದ್ದ ಪೋಪ್ ಎಂಟನೆಯ ಬೋನಿಫೇಸನಿಗೆ, ಧರ್ಮಾಧಿಕಾರವನ್ನು ಹಣಕ್ಕೆ ಮಾರಿದವರನ್ನು ತಲೆಕೆಳಗಾಗಿ ಹೂಳುವ ಗುಂಡಿಯಲ್ಲಿ ಮೊದಲೇ ಜಾಗ ಕಾದಿರಿಸಲಾಗಿದೆ. ಆದರೆ ತಾನು ಗುರುವಿನಂತೆ ಗೌರವಿಸುತ್ತಿದ್ದ ಫ್ಲಾರೆನ್ಸಿನ ವಿದ್ವಾಂಸ ಬ್ರುನೆಟ್ಟೊ ಲಟೀನಿಯನ್ನೂ ಡಾಂಟೆ ಬೆಂಕಿಯ ಮಳೆ ಬೀಳುವ ಮರಳಿನಲ್ಲಿಟ್ಟಿದ್ದಾನೆ, ತಲೆಬಾಗಿ ಅವನೊಡನೆ ಮಾತನಾಡುತ್ತ ನಡೆಯುತ್ತಾನೆ. ಬರೀ ಹಗೆಯಾಗಿದ್ದರೆ ಆ ಸರ್ಗ ಹುಟ್ಟುತ್ತಿರಲಿಲ್ಲ. ಅಲ್ಲಿ ಶಿಕ್ಷೆಯೆಂದರೆ ಪಾಪವೇ ತಳೆದ ರೂಪ: ಮುಂದಿನದನ್ನು ಕಾಣಹೊರಟ ಭವಿಷ್ಯಗಾರರ ಮುಖ ಬೆನ್ನಿನತ್ತ ತಿರುಚಿಕೊಂಡಿದೆ, ಅವರು ಹಿಂದುಹಿಂದಕ್ಕೇ ನಡೆಯಬೇಕು. ತಳದಲ್ಲಿ, ದ್ರೋಹಿಗಳಿರುವೆಡೆ, ಬೆಂಕಿಯೇ ಇಲ್ಲ, ಹೆಪ್ಪುಗಟ್ಟಿದ ಸರೋವರವಿದೆ.

ಉತ್ತರ (ಸೋಮವಾರಪೇಟೆಯಿಂದ)
ಜನ್ನನ ‘ಯಶೋಧರ ಚರಿತೆ’ಯನ್ನು ಪಕ್ಕದಲ್ಲಿಟ್ಟು ಓದಿ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ತಾಯಿ ಮಗ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲಿದರೂ ಕೊನೆಗೆ ಮನುಷ್ಯಜನ್ಮಕ್ಕೆ ಮರಳುತ್ತಾರೆ. ಡಾಂಟೆಯಲ್ಲಿ ಅಂಥ ದಾರಿ ಇರುವುದು, ಸತ್ತವರು ಪಾಪ ತೊಳೆದುಕೊಂಡು ಸ್ವರ್ಗಕ್ಕೇರುವ ಶುದ್ಧಿಲೋಕದ ಬೆಟ್ಟದಲ್ಲಿ ಮಾತ್ರ. ನರಕಕ್ಕೆ ಬಿದ್ದವರಿಗೆ ಹೊರಬಾಗಿಲಿಲ್ಲ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ಕೊಡವರ ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ ಕಾರೋಣರಿಗೆ, ಅಂದರೆ ಹಿರಿಯರಿಗೆ, ಮೀದಿ (ಎಡೆ) ಇಡುವುದನ್ನು ಕಂಡು ಬೆಳೆದ ನನಗೆ, ಸತ್ತವರು ಅಷ್ಟು ದೂರದಲ್ಲಿರುವರೆಂಬುದೇ ಹೊಸತಾಗಿತ್ತು. ಬ್ರುನೆಟ್ಟೊನ ಸರ್ಗವನ್ನು ಮತ್ತೊಮ್ಮೆ ಓದುತ್ತೇನೆ.