ಕರೆಂಟ್ ಹೋಗಿ ಬಂದರೆ ಅಪಾಚೆಯ ಮೂರೂ ಪೋರ್ಟ್ ಬಂದ್

ತೀರ್ಥಹಳ್ಳಿ_ತೋಟ:
ಸೊಸೈಟಿ ಕಚೇರಿಯ ಸರ್ವರ್. ಉಬುಂಟು 22.04, ವೆಬ್ ಪುಟ ಒದಗಿಸುವ ಪ್ರೋಗ್ರಾಂ ಅಪಾಚೆ 2.4. ರಾಶಿ, ಬೆಟ್ಟೆ, ಸರಕು, ಗೊರಬಲು ಅಡಿಕೆ ಧಾರಣೆಯ ಪುಟ ಪೋರ್ಟ್ (ಸರ್ವರಿನ ಬಾಗಿಲ ನಂಬರ್) 80ರಲ್ಲಿ, ದಾಸ್ತಾನು ಲೆಕ್ಕ 8080ರಲ್ಲಿ, ಮಳೆಮಾಪಕದ ಅಂಕಿ 8081ರಲ್ಲಿ. ಕರೆಂಟ್ ಹೋಗಿ ಬಂದು ಮಷಿನ್ ಆನ್ ಆದಾಗ ಮೂರೂ ತೆರೆಯುವುದಿಲ್ಲ, ಸರ್ವರಿನಲ್ಲೇ ನೋಡಿದರೆ ಬ್ರೌಸರ್ ಕೂಡಲೇ ‘ಕನೆಕ್ಷನ್ ರೆಫ್ಯೂಸ್ಡ್’ ಅನ್ನುತ್ತೆ. ಅಪಾಚೆಯನ್ನು ಕೈಯಾರೆ ರೀಸ್ಟಾರ್ಟ್ ಮಾಡಿದರೆ 80, 8080 ಸರಿಹೋಗುತ್ತವೆ. 8081 ಮಾತ್ರ ಬೇರೆ ಕಂಪ್ಯೂಟರಿನಲ್ಲಿ ಸುತ್ತಿ ಸುತ್ತಿ ಟೈಮ್‌ಔಟ್. ಸರ್ವರಿನಲ್ಲೇ ಅದರ ಐಪಿ ಹೊಡೆದರೆ ತೆರೆಯುತ್ತೆ.

ಸಾಗರ_ಲಿನಕ್ಸ್:
ಇಲ್ಲಿ ಎರಡು ತೊಂದರೆ ಇವೆ ಮಾರಾಯ್ರೆ, ಬೇರೆ ಬೇರೆಯಾಗಿಯೇ ನೋಡಿ. ಟೈಮ್‌ಔಟ್ ಆಗುವುದು ಫೈರ್‌ವಾಲ್ ಪ್ಯಾಕೆಟ್ಟನ್ನು ಸದ್ದಿಲ್ಲದೆ ನುಂಗಿದಾಗ. ಉಬುಂಟುವಿನ ಫೈರ್‌ವಾಲ್ ಯುಎಫ್‌ಡಬ್ಲ್ಯೂನ ‘ಅಪಾಚೆ ಫುಲ್’ ಪ್ರೊಫೈಲ್ ತೆರೆಯುವುದು 80 ಮತ್ತು 443 ಮಾತ್ರ. 8080ಕ್ಕೆ ಯಾವಾಗಲೋ ಬೇರೆ ರೂಲ್ ಹಾಕಿದ್ದೀರಿ, 8081ಕ್ಕೆ ಹಾಕಿಲ್ಲ. ರೆಫ್ಯೂಸ್ಡ್ ಅಂದರೆ ಆ ಪೋರ್ಟಿನಲ್ಲಿ ಕಿವಿಗೊಟ್ಟು ಕೂತವರೇ ಇಲ್ಲ, ಅಪಾಚೆ ಎದ್ದೇ ಇಲ್ಲ. ಅಪಾಚೆ ಯಾವ ಪೋರ್ಟ್ ಹಿಡಿಯಬೇಕೆಂದು ಹೇಳುವ ಪೋರ್ಟ್ಸ್ ಡಾಟ್ ಕಾನ್ಫ್ ಫೈಲಿನ ಲಿಸನ್ ಸಾಲುಗಳನ್ನೂ ಬೂಟ್ ಆದಾಗಿನ ಎರರನ್ನೂ ಹಾಕಿ.

ತೀರ್ಥಹಳ್ಳಿ_ತೋಟ:
ಲಿಸನ್ 80
ಲಿಸನ್ 8080
ಲಿಸನ್ 192.168.1.20:8081
ಎರರ್: (99) ಕೆನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್. ಅದರ ಕೆಳಗೆ ‘ನೋ ಲಿಸನಿಂಗ್ ಸಾಕೆಟ್ಸ್ ಅವೈಲಬಲ್, ಶಟಿಂಗ್ ಡೌನ್’. ಐಪಿ ರೌಟರ್ ಕೊಡುವುದು, ಅದರಲ್ಲಿ ರಿಸರ್ವ್ ಮಾಡಿದ್ದೇವೆ.

ಸಾಗರ_ಲಿನಕ್ಸ್:
ಮೂರನೇ ಸಾಲೇ ಕಾರಣ. ಕರೆಂಟ್ ಬಂದಾಗ ರೌಟರ್, ಸರ್ವರ್ ಎರಡೂ ಒಟ್ಟಿಗೆ ಏಳುತ್ತವೆ. ರೌಟರ್ ಐಪಿ ಕೊಡುವುದಕ್ಕೆ ಮೊದಲೇ ಅಪಾಚೆ ಶುರುವಾಗಿ, ಮಷಿನ್‌ನಲ್ಲಿ ಇನ್ನೂ ಇಲ್ಲದ ವಿಳಾಸವನ್ನು ಹಿಡಿಯಲು ಹೋಗುತ್ತೆ. ಒಂದು ಲಿಸನ್ ಸೋತರೂ ಅಪಾಚೆ ಪೂರ್ತಿ ನಿಲ್ಲುತ್ತೆ, ಅದಕ್ಕೇ ತಪ್ಪಿಲ್ಲದ 80 ಕೂಡ ಹೋಯಿತು. (98), ಅಂದರೆ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಬಂದಿದ್ದರೆ ಕಥೆ ಬೇರೆ: ಟಾಮ್‌ಕ್ಯಾಟ್‌ನಂಥ ಇನ್ನೊಂದು ಪ್ರೋಗ್ರಾಂ ಪೋರ್ಟ್ ಹಿಡಿದಿರುತ್ತೆ, ಇಲ್ಲವೇ ಒಂದೇ ಲಿಸನ್ ಎರಡು ಫೈಲಿನಲ್ಲಿರುತ್ತೆ.

ಐಪಿ ತೆಗೆದು ಬರೀ ‘ಲಿಸನ್ 8081’ ಇಡಿ. ಸೈಟ್ ಫೈಲಿನಲ್ಲಿ, ಯಾವ ಪೋರ್ಟಿಗೆ ಯಾವ ಸೈಟ್ ಎಂದು ಹೇಳುವ ಸಾಲನ್ನು ವರ್ಚುವಲ್‌ಹೋಸ್ಟ್ *:8081 ಮಾಡಿ. ವರ್ಚುವಲ್‌ಹೋಸ್ಟ್ ಬರೆದ ಮಾತ್ರಕ್ಕೆ ಪೋರ್ಟ್ ತೆರೆಯದು, ಲಿಸನ್ ಬೇಕೇ ಬೇಕು. ಆಮೇಲೆ ಬರೆದದ್ದರಲ್ಲಿ ತಪ್ಪಿದೆಯೇ ನೋಡುವ ಕಾನ್ಫಿಗ್‌ಟೆಸ್ಟ್ ಓಡಿಸಿ, ಅಪಾಚೆಯನ್ನು ಪೂರ್ತಿ ಸ್ಟಾಪ್ ಮಾಡಿ ಸ್ಟಾರ್ಟ್ ಮಾಡಿ. ಬರೀ ರೀಲೋಡ್ ಬೇಡ: ಹಳೇ ಸಾಕೆಟ್ (ಹಿಡಿದಿಟ್ಟ ವಿಳಾಸ-ಪೋರ್ಟ್) ಬಿಡುವ ಮೊದಲೇ ಹೊಸದನ್ನು ಹಿಡಿಯಲು ಹೋಗಿ ಈ ಸಲ (98) ಬರುತ್ತೆ.

ಮಳೆ ಅಂಕಿ ಕಚೇರಿಯೊಳಗೇ ಉಳಿಯಬೇಕಿದ್ದರೆ ಆ ಕೆಲಸ ಫೈರ್‌ವಾಲ್‌ಗೆ ಬಿಡಿ:
ಸುಡೊ ಯುಎಫ್‌ಡಬ್ಲ್ಯೂ ಅಲೋ ಫ್ರಮ್ 192.168.1.0/24 ಟು ಎನಿ ಪೋರ್ಟ್ 8081 ಪ್ರೊಟೊ ಟಿಸಿಪಿ

ಹೊಸನಗರ_ನೆಟ್:
ಅಪಾಚೆಯನ್ನು ನೆಟ್‌ವರ್ಕ್-ಆನ್‌ಲೈನ್ ಟಾರ್ಗೆಟ್‌ಗೆ, ಅಂದರೆ ಬೂಟ್‌ನಲ್ಲಿ ನೆಟ್‌ವರ್ಕ್ ಸಿದ್ಧವಾಗುವ ಹಂತಕ್ಕೆ, ಕಾಯಿಸಿ ಅಂತಲೂ ಕೆಲವರು ಹೇಳುತ್ತಾರೆ. ನೆಟ್‌ವರ್ಕ್ ನೋಡಿಕೊಳ್ಳುವ ಸಿಸ್ಟಂಡಿ-ನೆಟ್‌ವರ್ಕ್‌ಡಿ ಅಲ್ಲಿ ಕಾಯುವುದು 120 ಸೆಕೆಂಡ್. ರೌಟರ್ ಅದಕ್ಕಿಂತ ತಡ ಮಾಡಿದರೆ ಮತ್ತೆ ಅದೇ ಎರರ್. ಐಪಿ ತೆಗೆಯುವುದೇ ಗಟ್ಟಿ ದಾರಿ. ಪರೀಕ್ಷೆಗೆ ಬರೀ ರೀಬೂಟ್ ಮಾಡಬೇಡಿ, ರೌಟರ್ ಆನ್ ಇದ್ದರೆ ತಪ್ಪು ಕಾಣಿಸುವುದೇ ಇಲ್ಲ. ಸರ್ವರನ್ನು ಶಟ್‌ಡೌನ್ ಮಾಡಿ, ರೌಟರ್ ಪ್ಲಗ್ಗನ್ನೂ ಕಿತ್ತು, ಎರಡನ್ನೂ ಒಟ್ಟಿಗೆ ಆನ್ ಮಾಡಿ.

ತೀರ್ಥಹಳ್ಳಿ_ತೋಟ:
ಹಾಗೇ ಮಾಡಿದೆ. ಯಾವ ಪೋರ್ಟ್ ಯಾರ ಕೈಲಿದೆ ಎಂದು ಹೇಳುವ ‘ಸುಡೊ ಎಸ್‌ಎಸ್ -ಟಿಎಲ್‌ಎನ್‌ಪಿ’ ಈಗ *:80, *:8080, *:8081 ಮೂರನ್ನೂ ಅಪಾಚೆ2 ಹೆಸರಲ್ಲೇ ತೋರಿಸುತ್ತಿದೆ. ಪಕ್ಕದ ಕಂಪ್ಯೂಟರಿನಲ್ಲಿ 8081 ಕೂಡ ತೆರೆಯಿತು.